ಮೊಬೈಲಿನೊಳಗೆ ಕುಳಿತ ಅರ್ಜಿ ಬರೆಯುವವ: ಚಾಟ್‌ಬಾಟ್ ಬಳಸಲು ಹೊರಟವರಿಗೆ

ಪ್ರಶ್ನೆ: ನಾನು ಶಿರಸಿ ಸೀಮೆಯ ಹಳ್ಳಿಯೊಂದರ ಗೃಹಿಣಿ, ವಯಸ್ಸು ಅರವತ್ತೊಂದು. ಎರಡೆಕರೆ ಅಡಿಕೆ ತೋಟವಿದೆ. ಊರಿನ ಮಹಿಳಾ ಸ್ವಸಹಾಯ ಸಂಘದ ಕಾರ್ಯದರ್ಶಿಯೂ ಹೌದು. ರಜೆಗೆ ಬಂದ ಮೊಮ್ಮಗ ನನ್ನ ಮೊಬೈಲಿಗೆ ಚಾಟ್‌ಬಾಟ್ ಹಾಕಿಕೊಟ್ಟು "ಏನು ಬೇಕಾದರೂ ಕೇಳು ಅಜ್ಜಿ" ಎಂದು ಹೇಳಿ ಹೋದ. ಏನು ಕೇಳಬೇಕೆಂದೇ ತಿಳಿಯುತ್ತಿಲ್ಲ. ವಾಟ್ಸ್‌ಆ್ಯಪ್‌ನಲ್ಲಿಯೂ ನಾನು ಹಾಕಿಕೊಳ್ಳದ ನೀಲಿ ಬಳೆಯಂಥದೊಂದು ಕಾಣಿಸುತ್ತದೆ. ಅದೂ ಇದೇ ಜಾತಿಯದೇ? ಇದನ್ನು ನಂಬಬಹುದೇ? ಕನ್ನಡ ಬರುತ್ತದೆಯೇ? ನನ್ನಂಥವರಿಗೆ ನಿಜವಾಗಿ ಏನು ಉಪಯೋಗ? ಇನ್ನೊಂದು, ನಗಬೇಡಿ: ಅದನ್ನು ಏಕವಚನದಲ್ಲಿ ಮಾತನಾಡಿಸಬೇಕೋ ಬಹುವಚನದಲ್ಲೋ?

ಉತ್ತರ: ಮೊಮ್ಮಗ ಚಾಟ್‌ಬಾಟ್ ಹಾಕಿಕೊಟ್ಟದ್ದು ಒಳ್ಳೆಯದಾಯಿತು. ಅವನು ಹೇಳಿದ "ಏನು ಬೇಕಾದರೂ" ಎಂಬ ಮಾತನ್ನು ಮಾತ್ರ ಸದ್ಯಕ್ಕೆ ಬದಿಗಿಡಿ. ಹೊಸಬರು ಎಡವುವುದು ಅಲ್ಲಿಯೇ. ಹಿರಿಯರಿಗೆ ಮೊಬೈಲ್ ಬಳಕೆ ಹೇಳಿಕೊಡುವ ತರಗತಿಗಳಲ್ಲಿ ನಾನು ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಮೊದಲ ದಿನ ನಾಳೆ ಮಳೆ ಬರುತ್ತದೆಯೇ, ನನ್ನ ಹೆಸರೇನು, ಮಗಳಿಗೆ ಮದುವೆ ಯಾವಾಗ ಎಂದೆಲ್ಲ ಕೇಳುತ್ತಾರೆ. ಅದು ಏನೋ ಒಂದು ಹೇಳುತ್ತದೆ. ಎರಡನೆಯ ದಿನ ಬೇಸರ ಬಂದು ಬಿಟ್ಟುಬಿಡುತ್ತಾರೆ, ಅಥವಾ ಇನ್ನೂ ಕೆಟ್ಟದ್ದು, ಹೇಳಿದ್ದನ್ನೆಲ್ಲ ನಂಬತೊಡಗುತ್ತಾರೆ.

ನಿಮಗೆ ಪರಿಚಯವಿರುವ ಒಬ್ಬರನ್ನು ನೆನಪಿಸಿಕೊಳ್ಳಿ: ತಾಲ್ಲೂಕು ಕಚೇರಿಯ ಮುಂದೆ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವವರು. ನೀವು ಗೋಳು ಹೇಳಿಕೊಂಡರೆ ಅವರು ಅದನ್ನು "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಆರಂಭಿಸಿ ಒಂದು ಪುಟಕ್ಕೆ ಇಳಿಸುತ್ತಾರೆ. ಕೈ ಚುರುಕು, ಭಾಷೆ ಅಚ್ಚುಕಟ್ಟು. ಆದರೆ ನಿಮ್ಮ ಸರ್ವೆ ನಂಬರ್ ಅವರಿಗೆ ಗೊತ್ತಿಲ್ಲ. ನೀವು ಹೇಳಬೇಕು, ಪಹಣಿ ತೋರಿಸಬೇಕು. ಚಾಟ್‌ಬಾಟ್ ಅಂಥ ಒಬ್ಬ ಅರ್ಜಿ ಬರೆಯುವವ. ವ್ಯತ್ಯಾಸ ಇಷ್ಟೇ: ಕಚೇರಿಯ ಮುಂದೆ ಕುಳಿತವರು ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ಕೇಳುತ್ತಾರೆ, ಇದು ಕೆಲವೊಮ್ಮೆ ಕೇಳದೆಯೇ ತಾನಾಗಿ ಒಂದು ನಂಬರ್ ಬರೆದುಬಿಡುತ್ತದೆ.

ಏಕೆ ಹಾಗೆ ಮಾಡುತ್ತದೆ ಎಂಬುದು ತಿಳಿದರೆ ಮುಂದಿನದೆಲ್ಲ ಸುಲಭ. "ತಾವು ಸಕುಟುಂಬ ಸಪರಿವಾರ" ಎಂದು ನಾನು ಆರಂಭಿಸಿದರೆ ನೀವು ಕಣ್ಣು ಮುಚ್ಚಿ "ಸಮೇತರಾಗಿ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ" ಎಂದು ಮುಗಿಸುತ್ತೀರಿ. ಯಾರೂ ನಿಮಗೆ ಇದನ್ನು ಪಾಠ ಮಾಡಿಲ್ಲ. ನೂರಾರು ಲಗ್ನಪತ್ರಿಕೆ ಓದಿ ಬಂದದ್ದು. ಚಾಟ್‌ಬಾಟ್‌ನೊಳಗಿರುವ ಭಾಷಾ ಮಾದರಿ ಕಲಿತದ್ದೂ ಹೀಗೆಯೇ. ಕೋಟ್ಯಂತರ ಪುಟಗಳ ಬರಹವನ್ನು ಅದಕ್ಕೆ ಉಣಿಸಿ, ಈ ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂದು ಊಹಿಸಲು ಕಲಿಸುತ್ತಾರೆ. ಆಮೇಲೆ ಮನುಷ್ಯರು ಅದರ ಉತ್ತರಗಳಿಗೆ ಇದು ಚೆನ್ನಾಗಿದೆ, ಇದು ಸರಿಯಿಲ್ಲ ಎಂದು ಅಂಕ ಕೊಟ್ಟು ತಿದ್ದುತ್ತಾರೆ. ಪ್ರತಿ ಸಲ ನೀವು ಪ್ರಶ್ನೆ ಕೇಳಿದಾಗ ಅದು ಯಾವುದೋ ಪುಸ್ತಕ ತೆರೆದು ನೋಡಿ ಓದಿ ಹೇಳುತ್ತಿಲ್ಲ. ಪದದ ಹಿಂದೆ ಪದ ಪೋಣಿಸುತ್ತಿದೆ. ಈಗಿನ ಕೆಲವು ಚಾಟ್‌ಬಾಟ್‌ಗಳು ಅಂತರಜಾಲದಲ್ಲಿ ಹುಡುಕಿಯೂ ಉತ್ತರಿಸುತ್ತವೆ, ಆಗ ಕೆಳಗೆ ಕೊಂಡಿಗಳು ಕಾಣುತ್ತವೆ. ಕೊಂಡಿ ಕಾಣದಿದ್ದರೆ ಅದು ಬರೀ ನೆನಪಿನ ಮಾತು ಎಂದು ತಿಳಿಯಿರಿ.

ಈಗ ಲಗ್ನಪತ್ರಿಕೆಗೇ ಬನ್ನಿ. "ವಧುವಿನ ಅಜ್ಜನ ಹೆಸರೇನು?" ಎಂದು ಪತ್ರಿಕೆ ನೋಡದ ನಿಮ್ಮನ್ನು ಕೇಳಿದರೆ "ಗೊತ್ತಿಲ್ಲ" ಎನ್ನುತ್ತೀರಿ. ಯಂತ್ರಕ್ಕೆ ಆ ಜಾಗದಲ್ಲಿ ಒಂದು ಹೆಸರು ಬರುತ್ತದೆ ಎಂಬುದು ಗೊತ್ತು, ಶಿರಸಿ ಕಡೆಯ ಹಿರಿಯರ ಹೆಸರು ಹೇಗಿರುತ್ತದೆ ಎಂಬುದೂ ಗೊತ್ತು. ಆದ್ದರಿಂದ ಹೊಂದುವಂಥ ಒಂದು ಹೆಸರು ಬರೆಯುತ್ತದೆ. ಸುಳ್ಳು ಹೇಳಬೇಕೆಂಬ ಉದ್ದೇಶ ಅದಕ್ಕಿಲ್ಲ, ನಿಜ ಹೇಳಬೇಕೆಂಬ ಹಟವೂ ಇಲ್ಲ. ಗೊತ್ತಿಲ್ಲ ಎನ್ನಲು ಹೊಸ ಮಾದರಿಗಳಿಗೆ ಒಂದಿಷ್ಟು ಕಲಿಸಿದ್ದಾರೆ. ಆದರೂ ಈ ಚಾಳಿ ಪೂರ್ತಿ ಹೋಗಿಲ್ಲ.

ಇತಿಹಾಸ ಹೆಚ್ಚು ಬೇಡ. 2017ರಲ್ಲಿ ಗೂಗಲ್ ಸಂಶೋಧಕರು ಇಂದಿನ ಭಾಷಾ ಮಾದರಿಗಳ ತಳಹದಿಯಾದ ಟ್ರಾನ್ಸ್‌ಫಾರ್ಮರ್ ಎಂಬ ವಿನ್ಯಾಸವನ್ನು ಪ್ರಕಟಿಸಿದರು (ನಿಮ್ಮ ತೋಟದ ಬದಿಯ ಟಿ.ಸಿ.ಗೂ, ಅಂದರೆ ವಿದ್ಯುತ್ ಟ್ರಾನ್ಸ್‌ಫಾರ್ಮರಿಗೂ, ಇದಕ್ಕೂ ಹೆಸರಿನ ನಂಟು ಮಾತ್ರ). ಓಪನ್‌ಎಐ ಕಂಪನಿ 2022ರ ನವೆಂಬರ್ 30ರಂದು ಚಾಟ್‌ಜಿಪಿಟಿಯನ್ನು ಜನರ ಕೈಗೆ ಕೊಟ್ಟಿತು. ಮರುವರ್ಷವೇ ಗೂಗಲ್, ಆಂಥ್ರೋಪಿಕ್, ಮೈಕ್ರೋಸಾಫ್ಟ್ ಎಲ್ಲವೂ ಇಳಿದವು. ಗೂಗಲ್‌ನದಕ್ಕೆ ಮೊದಲು ಬಾರ್ಡ್ ಎಂಬ ಹೆಸರಿತ್ತು, 2024ರ ಫೆಬ್ರವರಿಯಿಂದ ಜೆಮಿನಿ.

ನೀವು ಕಂಡ ನೀಲಿ ಬಳೆ ಮೆಟಾ ಎಐ. ಫೇಸ್‌ಬುಕ್, ವಾಟ್ಸ್‌ಆ್ಯಪ್ ಎರಡಕ್ಕೂ ಒಡೆಯರಾದ ಮೆಟಾ ಕಂಪನಿ 2024ರ ಜೂನ್‌ನಲ್ಲಿ ಭಾರತದವರಿಗೆ ಅದನ್ನು ತೆರೆಯಿತು. ಹೌದು, ಇದೇ ಜಾತಿಯದು. ಹಾಕಿಕೊಳ್ಳದೆ ಬಂದದ್ದನ್ನು ಕಂಡು ಹೆದರಿದವರು ಬಹಳ ಜನ. ನೀವು ಮಗಳಿಗೆ ಕಳುಹಿಸುವ ಸಂದೇಶ ಬೇರೆ, ಅದು ನಿಮ್ಮಿಬ್ಬರ ನಡುವೆ ಬೀಗ ಹಾಕಿಕೊಂಡೇ ಹೋಗುತ್ತದೆ. ನೀಲಿ ಬಳೆಯನ್ನು ಒತ್ತಿ ನೀವು ಬರೆದದ್ದು ಮಾತ್ರ ಕಂಪನಿಗೆ ಹೋಗುತ್ತದೆ. ಒತ್ತದಿದ್ದರೆ ಅದು ಅಲ್ಲಿಯೇ ಕುಳಿತಿರುತ್ತದೆ, ತಂಟೆಯಿಲ್ಲ. ಇದರ ಜೊತೆಗೆ ಬ್ಯಾಂಕುಗಳ, ಗ್ಯಾಸ್ ಏಜೆನ್ಸಿಗಳ ವಾಟ್ಸ್‌ಆ್ಯಪ್ ಸಂಖ್ಯೆಗಳೂ ಚಾಟ್‌ಬಾಟ್ ಎಂದೇ ಕರೆಸಿಕೊಳ್ಳುತ್ತವೆ. ಅವುಗಳಲ್ಲಿ ಹೆಚ್ಚಿನವು "ಸಿಲಿಂಡರ್ ಬುಕ್ ಮಾಡಲು 1 ಒತ್ತಿ" ಎನ್ನುವ ಹಳೆಯ ಪದ್ಧತಿಯವು. ಅವು ಬರೆದಿಟ್ಟ ಉತ್ತರವನ್ನಷ್ಟೇ ಕೊಡುತ್ತವೆ, ಕಟ್ಟುಕತೆ ಹೆಣೆಯುವುದಿಲ್ಲ, ಅಷ್ಟರಮಟ್ಟಿಗೆ ಸಾಧು.

ಈಗ ಮೊದಲ ಪ್ರಶ್ನೆ ಏನು ಕೇಳಬೇಕು? ನಿಮಗೆ ಗೊತ್ತಿಲ್ಲದ್ದನ್ನಲ್ಲ, ತುಂಬಾ ಚೆನ್ನಾಗಿ ಗೊತ್ತಿರುವುದನ್ನು ಕೇಳಿ. ಇದು ನನ್ನ ತರಗತಿಗಳ ಒಂದೇ ಕಡ್ಡಾಯ ನಿಯಮ.

ನಿಮಗೆ ಬೋರ್ಡೊ ದ್ರಾವಣ ಮಾಡಿಸಿ ಗೊತ್ತು. ಅದನ್ನೇ ಕೇಳಿ: "ಅಡಿಕೆಯ ಕೊಳೆರೋಗಕ್ಕೆ ಶೇಕಡಾ ಒಂದರ ಬೋರ್ಡೊ ದ್ರಾವಣವನ್ನು ಹೇಗೆ ತಯಾರಿಸಬೇಕು?" ಉತ್ತರವನ್ನು ಪರೀಕ್ಷಕರಂತೆ ಓದಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ಹೇಳಿತೇ? ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಸುಣ್ಣವನ್ನು ಮೈಲುತುತ್ತಕ್ಕಲ್ಲ ಎಂಬುದನ್ನು ಹೇಳಿತೇ? ಕಬ್ಬಿಣದ ಕತ್ತಿಯ ಅಲಗನ್ನು ಅದ್ದಿ, ಕೆಂಪಗಾದರೆ ಇನ್ನಷ್ಟು ಸುಣ್ಣ ಬೇಕು ಎಂಬ ಪರೀಕ್ಷೆ ಅದಕ್ಕೆ ಗೊತ್ತಿದೆಯೇ? ಮಳೆಗಾಲಕ್ಕೆ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನಗಳ ಮೇಲೆ ಇನ್ನೊಮ್ಮೆ ಎಂದಿತೇ? ನಾನು ನೋಡಿದಂತೆ ಮೊದಲ ಅಳತೆ ಬಹುಪಾಲು ಸರಿಯಿರುತ್ತದೆ. ತಪ್ಪುವುದು ಒಳವಿವರಗಳಲ್ಲಿ. ಹೀಗೆ ನಿಮ್ಮ ಕಸುಬಿನ ನಾಲ್ಕು ಪ್ರಶ್ನೆ ಕೇಳುವಷ್ಟರಲ್ಲಿ ಅದು ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಎಂಬ ಅಂದಾಜು ನಿಮಗೆ ಸಿಗುತ್ತದೆ. ತಪ್ಪು ಹೇಳುವಾಗಲೂ ಅದರ ದನಿ ಸ್ವಲ್ಪವೂ ನಡುಗುವುದಿಲ್ಲ ಎಂಬುದು ಕಣ್ಣಿಗೆ ಬೀಳುತ್ತದೆ. ಗೊತ್ತಿಲ್ಲದ ವಿಷಯಕ್ಕೆ ಅದೇ ದನಿಯಲ್ಲಿ ಉತ್ತರ ಬಂದಾಗ ಈ ಅನುಭವ ನೆನಪಿಗೆ ಬರುತ್ತದೆ.

ಕನ್ನಡದ ವಿಷಯಕ್ಕೆ ಬರೋಣ. ಬರುತ್ತದೆ. ಗೂಗಲ್ 2023ರ ಜುಲೈನಲ್ಲಿಯೇ ಕನ್ನಡವನ್ನು ಸೇರಿಸಿತು, ಉಳಿದ ದೊಡ್ಡ ಚಾಟ್‌ಬಾಟ್‌ಗಳೂ ಕನ್ನಡ ಓದಿ ಬರೆಯುತ್ತವೆ. ಆದರೆ ಇಂಗ್ಲಿಷಿನಲ್ಲಿ ಅದು ಮನೆಯ ಮಗ, ಕನ್ನಡದಲ್ಲಿ ಹೊಸದಾಗಿ ಬಂದ ಅಳಿಯ. ಕಾರಣ ಸರಳ: ಓದಲು ಸಿಕ್ಕ ಕನ್ನಡವೇ ಕಡಿಮೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ 65 ಲಕ್ಷಕ್ಕೂ ಹೆಚ್ಚು ಲೇಖನಗಳಿವೆ, ಕನ್ನಡದಲ್ಲಿ ಮೂವತ್ತು ಸಾವಿರದ ಆಸುಪಾಸು. ಸಾಲದ್ದಕ್ಕೆ, ಬರಹವನ್ನು ತುಣುಕು ತುಣುಕಾಗಿ ಒಡೆದು ಓದುವ ಈ ಯಂತ್ರಗಳು ಕನ್ನಡ ಪದವನ್ನು ಇಂಗ್ಲಿಷ್ ಪದಕ್ಕಿಂತ ಹೆಚ್ಚು ತುಣುಕು ಮಾಡಿಕೊಳ್ಳುತ್ತವೆ. "ತೋಟದವರಿಗೂ" ಎಂಬ ಒಂದೇ ಪದ ಅದಕ್ಕೆ ನಾಲ್ಕಾರು ಚೂರು.

ಇದರಿಂದ ಆಗುವ ಫಜೀತಿಗಳು ವಿಚಿತ್ರ. ಒಮ್ಮೆ ನಾನು ಒಂದು ಚಾಟ್‌ಬಾಟ್‌ಗೆ "ಅಡಿಕೆಗೆ ಕೊಳೆ ಬಂದಿದೆ, ಏನು ಮಾಡಲಿ?" ಎಂದು ಬರೆದಾಗ, ಅಡಿಕೆಯನ್ನು ಶುದ್ಧ ನೀರಿನಲ್ಲಿ ತೊಳೆದು ಮೆದುವಾದ ಬಟ್ಟೆಯಿಂದ ಒರೆಸಲು ಹೇಳಿತು. ಅದಕ್ಕೆ ಕೊಳೆ ಎಂದರೆ ಬಟ್ಟೆಯ ಕೊಳೆ ಒಂದೇ. "ಕೊಳೆರೋಗ" ಎಂದು ಪೂರ್ತಿ ಬರೆದ ಮೇಲೆ ದಾರಿಗೆ ಬಂತು. ಆದ್ದರಿಂದ ಮನೆಮಾತಿನ ಮೊಟಕು ಪದಗಳನ್ನು ಬಿಡಿಸಿ ಹೇಳಿ. ದಬ್ಬೆ, ಕೊನೆಗೌಡ, ಸೊಪ್ಪಿನ ಬೆಟ್ಟ ಇವೆಲ್ಲ ಬಂದರೆ ಒಂದು ಸಾಲಿನ ವಿವರಣೆ ಸೇರಿಸಿ.

ಗಾದೆ, ವಚನಗಳ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಮಳೆಯ ಮೇಲೆ ಬಸವಣ್ಣನವರ ಒಂದು ವಚನ ಕೊಡು ಎಂದರೆ, ತಾನೇ ನಾಲ್ಕು ಸಾಲು ಹೊಸೆದು ಕೊನೆಗೆ "ಕೂಡಲಸಂಗಮದೇವಾ" ಎಂದು ಅಂಕಿತ ಒತ್ತಿ ಕೊಟ್ಟದ್ದನ್ನು ನಾನು ಕಂಡಿದ್ದೇನೆ. ಓದಲು ಚೆನ್ನಾಗಿಯೇ ಇತ್ತು, ಅದೇ ಅಪಾಯ. ಇಂಥ ವಚನಗಳು ಈಗ ಶಾಲೆಯ ಭಾಷಣಗಳಿಗೂ ನುಸುಳುತ್ತಿವೆ. ಸಂಘದ ವಾರ್ಷಿಕೋತ್ಸವಕ್ಕೆ ಭಾಷಣ ಬರೆಸಿದರೆ ಅದರಲ್ಲಿನ ಪ್ರತಿ ಉದ್ಧರಣೆಯನ್ನೂ ಹೊಡೆದುಹಾಕಿ, ನಿಮ್ಮ ನೆನಪಿನಲ್ಲಿರುವ ವಚನವನ್ನೇ ಹಾಕಿ.

ಬೆರಳಚ್ಚು ಕಷ್ಟವಾದರೆ ಮೈಕಿನ ಗುರುತನ್ನು ಒತ್ತಿ ಮಾತನಾಡಿ. ಪತ್ರಿಕೆಯ ಕನ್ನಡದಂತೆ ಬಿಡಿಸಿ ಮಾತನಾಡಿದರೆ ಸಾಕಷ್ಟು ಸರಿಯಾಗಿ ಬರೆದುಕೊಳ್ಳುತ್ತದೆ. ಮನೆಯಲ್ಲಿ ಆಡುವ ಹವ್ಯಕ ಅಥವಾ ಕರಾವಳಿಯ ಮಾತಿಗೆ ತಡವರಿಸುತ್ತದೆ.

ಉಪಯೋಗಗಳಲ್ಲಿ ನಿಮಗೆ ತಕ್ಷಣ ಒದಗುವುದು ಪತ್ರ ಬರೆಸುವುದು. "ಕರೆಂಟ್ ತೊಂದರೆಗೆ ಪತ್ರ ಬರೆ" ಎಂದರೆ ಎಲ್ಲಿಗೂ ಹೊಂದುವ, ಯಾರಿಗೂ ತಾಗದ ಒಂದು ಪತ್ರ ಬರುತ್ತದೆ. ಅದರ ಬದಲು ಹೀಗೆ ಹೇಳಿ ನೋಡಿ:

"ವಿದ್ಯುತ್ ಕಚೇರಿಯ ಶಾಖಾಧಿಕಾರಿಗಳಿಗೆ ಕನ್ನಡದಲ್ಲಿ ಒಂದು ದೂರು ಪತ್ರ ಬರೆದುಕೊಡಿ. ಕೆರೆ ಬದಿಯ ಟಿ.ಸಿ.ಯಿಂದ ನಮ್ಮ ಹದಿನಾಲ್ಕು ಮನೆಗಳಿಗೆ ವಿದ್ಯುತ್ ಬರುತ್ತದೆ. ಮೂರು ವಾರಗಳಿಂದ ಸಂಜೆ ಆರರಿಂದ ಹತ್ತರವರೆಗೆ ವೋಲ್ಟೇಜ್ ಸಾಲದೆ ಪಂಪ್ ಏಳುತ್ತಿಲ್ಲ. ಒಮ್ಮೆ ಫೋನಿನಲ್ಲಿ ತಿಳಿಸಿದ್ದೇವೆ, ಯಾರೂ ಬರಲಿಲ್ಲ. ಪತ್ರ ಒಂದು ಪುಟ ಮೀರಬಾರದು. ವಿನಯವಿರಲಿ, ಆದರೆ ಯಾವ ದಿನ ಬರುತ್ತೀರೆಂದು ಖಚಿತವಾಗಿ ಕೇಳಿ. ನಾನು ಹೇಳದ ವಿವರವನ್ನು ಸೇರಿಸಬೇಡಿ; ಮಾಹಿತಿ ಸಾಲದಿದ್ದರೆ ಆ ಜಾಗ ಖಾಲಿ ಬಿಡಿ."

ಯಾರಿಗೆ, ಏನಾಗಿದೆ, ಎಷ್ಟು ಉದ್ದ, ಯಾವ ಧಾಟಿ ಎಲ್ಲವೂ ಇಲ್ಲಿವೆ. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ವಾಕ್ಯ. ಅದಿಲ್ಲದಿದ್ದರೆ ವಿದ್ಯುತ್ ಬಿಲ್ಲಿನ ಆರ್.ಆರ್. ನಂಬರ್ ಇರಬೇಕಾದ ಜಾಗದಲ್ಲಿ ಒಂದು ಆರ್.ಆರ್. ನಂಬರ್ ತಾನಾಗಿ ಹುಟ್ಟಿಕೊಳ್ಳಬಹುದು. ಬಂದ ಪತ್ರ ಹಿಡಿಸದಿದ್ದರೆ ಹೊಸದಾಗಿ ಆರಂಭಿಸಬೇಕಿಲ್ಲ. "ಎರಡನೆಯ ಪ್ಯಾರಾ ಉದ್ದವಾಯಿತು", "ದಯವಿಟ್ಟು ಎಂಬುದು ಐದು ಸಲ ಬಂದಿದೆ, ಒಂದು ಸಾಕು" ಎಂದು ಅದೇ ಸಂಭಾಷಣೆಯಲ್ಲಿ ಹೇಳಿ. ಎಷ್ಟು ಸಲ ತಿದ್ದಿಸಿದರೂ ಮುಖ ಸಿಂಡರಿಸುವುದಿಲ್ಲ. ಕಚೇರಿಯ ಮುಂದಿನ ಬರಹಗಾರರಿಂದ ಈ ಸೌಕರ್ಯ ನಿರೀಕ್ಷಿಸುವಂತಿಲ್ಲ.

ಇದಕ್ಕಿಂತಲೂ ಬೆಲೆಬಾಳುವುದು ಓದಿಸುವ ಕೆಲಸ. ಬ್ಯಾಂಕಿನಿಂದ, ವಿಮಾ ಕಂಪನಿಯಿಂದ ಬರುವ ಇಂಗ್ಲಿಷ್ ಕಾಗದಗಳ ಫೋಟೊ ತೆಗೆದು ಹಾಕಿ, "ಇದರಲ್ಲಿ ನಾನು ಏನು ಮಾಡಬೇಕೆಂದು ಹೇಳಿದ್ದಾರೆ? ಕೊನೆಯ ದಿನಾಂಕ ಯಾವುದು?" ಎಂದು ಕೇಳಬಹುದು. ಆರೋಗ್ಯ ವಿಮೆಯ ಪಾಲಿಸಿಯನ್ನೇ ತೆಗೆದುಕೊಳ್ಳಿ. "ಮೊದಲೇ ಇದ್ದ ಕಾಯಿಲೆಗೆ ಎಷ್ಟು ವರ್ಷ ಕಾಯಬೇಕು?" ಎಂದು ಸುಮ್ಮನೆ ಕೇಳಿದರೆ ನಾಲ್ಕು ವರ್ಷ ಎನ್ನುವ ಸಾಧ್ಯತೆಯಿದೆ, ಏಕೆಂದರೆ ಅದು ಓದಿದ ಹಳೆಯ ಬರಹಗಳಲ್ಲೆಲ್ಲ ಗರಿಷ್ಠ ಮಿತಿ ಅಷ್ಟೇ ಇತ್ತು. ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಏಪ್ರಿಲ್‌ನಿಂದ ಅದನ್ನು ಮೂರು ವರ್ಷಕ್ಕೆ ಇಳಿಸಿದೆ. ಇನ್ನು ನಿಮ್ಮ ಪಾಲಿಸಿಯಲ್ಲಿ ಅದಕ್ಕಿಂತ ಕಡಿಮೆಯೂ ಇರಬಹುದು. ಪಾಲಿಸಿಯ ಪುಟಗಳನ್ನೇ ಕೊಟ್ಟು "ಈ ಕಾಗದದಲ್ಲಿ ಏನಿದೆಯೋ ಅಷ್ಟನ್ನೇ ಹೇಳಿ, ಯಾವ ಪುಟದ ಯಾವ ಸಾಲಿನಲ್ಲಿದೆ ಎಂಬುದನ್ನೂ ಹೇಳಿ" ಎಂದರೆ ಉತ್ತರ ಬೇರೆಯೇ ಗಟ್ಟಿತನದ್ದಾಗಿರುತ್ತದೆ. ಆ ಸಾಲನ್ನು ನೀವೂ ಬೆರಳಿಟ್ಟು ನೋಡಬಹುದು. ಅದರ ನೆನಪಿನಿಂದ ಕೇಳುವುದಕ್ಕೂ ನಿಮ್ಮ ಕೈಯಲ್ಲಿರುವ ಕಾಗದ ಕೊಟ್ಟು ಕೇಳುವುದಕ್ಕೂ ಇರುವ ಈ ಅಂತರ ಒಂದನ್ನು ಹಿಡಿದುಕೊಂಡರೆ ನಿಮಗೆ ಚಾಟ್‌ಬಾಟ್ ಅರ್ಧಕ್ಕಿಂತ ಹೆಚ್ಚು ಕೈವಶವಾದಂತೆ. ಕೈಬರಹದ ಕಾಗದ, ಅದರಲ್ಲೂ ಹಳೆಯ ಕನ್ನಡ ದಸ್ತಾವೇಜುಗಳನ್ನು ಮಾತ್ರ ಓದಿಸಬೇಡಿ. ಓದಲಾಗದ ಜಾಗವನ್ನು ಊಹೆಯಿಂದ ತುಂಬುತ್ತದೆ, ಜಮೀನಿನ ಕಾಗದದಲ್ಲಿ ಊಹೆ ನಡೆಯುವುದಿಲ್ಲ.

ಸಂಘದ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಸಭೆ ಮುಗಿದ ಮೇಲೆ ಏನೇನಾಯಿತೆಂದು ಐದು ನಿಮಿಷ ಹೇಳಿಬಿಡಿ, ಹಿಂದುಮುಂದಾದರೂ ಚಿಂತೆಯಿಲ್ಲ. "ಇದನ್ನು ನಡಾವಳಿಯ ರೂಪದಲ್ಲಿ, ಠರಾವುಗಳಿಗೆ ಸಂಖ್ಯೆ ಕೊಟ್ಟು ಬರೆಯಿರಿ" ಎಂದರೆ ಪುಸ್ತಕಕ್ಕೆ ನಕಲು ಮಾಡಿಕೊಳ್ಳುವಷ್ಟು ಅಚ್ಚುಕಟ್ಟಾಗಿ ಕೊಡುತ್ತದೆ. ಸೂಚಿಸಿದವರು, ಅನುಮೋದಿಸಿದವರು ಯಾರೆಂದು ನೀವು ಹೇಳಿರದಿದ್ದರೆ ಅಲ್ಲಿಯೂ ಯಾವುದೋ ಹೆಸರು ಕುಳಿತಿರಬಹುದು, ನೋಡಿಕೊಳ್ಳಿ. ಉಳಿತಾಯ, ಬಡ್ಡಿಯ ಲೆಕ್ಕವನ್ನು ಇದಕ್ಕೆ ಒಪ್ಪಿಸಬೇಡಿ. ಉದ್ದ ಪಟ್ಟಿಯ ಕೂಡುವ ಕಳೆಯುವ ಲೆಕ್ಕದಲ್ಲಿ ಸದ್ದಿಲ್ಲದೆ ತಪ್ಪುತ್ತದೆ. ಅದೇ ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ಇದೆ, ಅದು ಸುಳ್ಳು ಹೇಳುವುದಿಲ್ಲ.

ಅಡುಗೆಗೂ ಕೇಳಬಹುದು. ತಂಬುಳಿ, ಅಪ್ಪೆಹುಳಿ ನಿಮಗೆ ಅದು ಕಲಿಸಬೇಕಿಲ್ಲ ಬಿಡಿ. ಮೊಮ್ಮಕ್ಕಳ ಲೆಕ್ಕದ ಪಾಠಕ್ಕಾದರೆ "ಉತ್ತರ ಹೇಳಬೇಡಿ, ಮುಂದಿನ ಹೆಜ್ಜೆಯ ಸುಳಿವು ಕೊಡಿ" ಎಂದು ಮೊದಲೇ ತಾಕೀತು ಮಾಡಿ.

ರಕ್ತಪರೀಕ್ಷೆಯ ವರದಿ ಬಹಳ ಜನ ಕೇಳುವ ವಿಷಯ. ಎಚ್‌ಬಿಎ1ಸಿ ಎಂದರೆ ಏನು, ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಅದು ಹೇಗೆ ತೋರಿಸುತ್ತದೆ, ಶೇಕಡಾ 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರು ಏಕೆ ಸಕ್ಕರೆ ಕಾಯಿಲೆ ಎನ್ನುತ್ತಾರೆ ಎಂಬುದನ್ನು ಚೆನ್ನಾಗಿ ವಿವರಿಸುತ್ತದೆ. ವೈದ್ಯರ ಬಳಿ ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ಬರೆಸಿಕೊಂಡು ಹೋಗಿ. ಎರಡು ನಿಮಿಷದ ಭೇಟಿಯಲ್ಲಿ ನಾವು ಮರೆಯುವುದೇ ಹೆಚ್ಚು. ಮಾತ್ರೆ ನಿಲ್ಲಿಸುವುದು, ಹೆಚ್ಚಿಸುವುದು, ಎರಡು ಔಷಧ ಒಟ್ಟಿಗೆ ನುಂಗುವುದು ಇವೆಲ್ಲ ವೈದ್ಯರ ಮಾತು, ಇದರದ್ದಲ್ಲ.

ಇವತ್ತಿನ ಅಡಿಕೆ ಧಾರಣೆ? ರಾಶಿ ಎಷ್ಟು, ಚಾಲಿ ಎಷ್ಟು, ಬೆಟ್ಟೆ ಎಷ್ಟು ಎಂದು ಸೊಸೈಟಿಗೆ ಫೋನ್ ಮಾಡಿ. ಚಾಟ್‌ಬಾಟ್ ಅಂತರಜಾಲ ಹುಡುಕಿ ಹೇಳಿದರೂ ಅದು ಯಾವ ದಿನದ, ಯಾವ ಮಾರುಕಟ್ಟೆಯ ದರ ಎಂಬುದು ಕಲಸಿಹೋಗಿರುತ್ತದೆ.

ನಂಬಬಹುದೇ ಎಂಬ ಪ್ರಶ್ನೆಗೆ ನ್ಯೂಯಾರ್ಕಿನ ಒಂದು ಪ್ರಕರಣ ಹೇಳುತ್ತೇನೆ. 2023ರಲ್ಲಿ ವಿಮಾನ ಸಂಸ್ಥೆಯೊಂದರ ವಿರುದ್ಧದ ಮೊಕದ್ದಮೆಯಲ್ಲಿ ವಕೀಲರು ಹಳೆಯ ತೀರ್ಪುಗಳನ್ನು ಉಲ್ಲೇಖಿಸಿ ಅರ್ಜಿ ಹಾಕಿದರು. ಎದುರು ಪಕ್ಷದವರು ಹುಡುಕಿದರೆ ಆ ತೀರ್ಪುಗಳೇ ಇಲ್ಲ. ಚಾಟ್‌ಜಿಪಿಟಿ ಹೆಣೆದದ್ದನ್ನು ವಕೀಲರು ಹಾಗೆಯೇ ಸಲ್ಲಿಸಿದ್ದರು. ನ್ಯಾಯಾಲಯ ಐದು ಸಾವಿರ ಡಾಲರ್ ದಂಡ ಹಾಕಿತು. ನನಗೆ ಇದರಲ್ಲಿ ಮುಖ್ಯವೆನಿಸುವುದು ದಂಡವಲ್ಲ. ಆ ವಕೀಲರು "ಈ ಪ್ರಕರಣ ನಿಜವೇ?" ಎಂದು ಅದನ್ನೇ ಕೇಳಿದ್ದರು, ಅದು ನಿಜ ಎಂದಿತ್ತು. ಹಾಲಿಗೆ ನೀರು ಬೆರೆತಿದೆಯೇ ಎಂದು ಹಾಲು ಮಾರುವವನನ್ನೇ ಕೇಳಿದ ಹಾಗೆ. ಪರಿಶೀಲನೆ ಎಂದರೆ ಹೊರಗೆ ಹೋಗಿ ನೋಡುವುದು: ಮೂಲ ಕಾಗದ, ಇಲಾಖೆಯ ಜಾಲತಾಣ, ಗೊತ್ತಿರುವ ಮನುಷ್ಯರು.

ಇದರ ಇನ್ನೊಂದು ಗುಣವನ್ನೂ ಅರಿತಿರಿ. ಇದು ನಿಮ್ಮನ್ನು ಮೆಚ್ಚಿಸಲು ಕಾತರಿಸುತ್ತದೆ. "ನೀವು ಹೇಳಿದ್ದು ತಪ್ಪು" ಎಂದು ಸುಮ್ಮನೆ ಗದರಿಸಿ ನೋಡಿ; ಸರಿ ಉತ್ತರವನ್ನೇ ಕೊಟ್ಟಿದ್ದರೂ ಕೆಲವೊಮ್ಮೆ ಕ್ಷಮೆ ಕೇಳಿ ತಪ್ಪಿಗೆ ಜಾರುತ್ತದೆ. ಹಾಗಾಗಿ ಮನೆಯ ಜಗಳದ ಪಂಚಾಯಿತಿಗೆ ಇದನ್ನು ಕೂರಿಸಬೇಡಿ. ಯಾರು ಮೊದಲು ಮೊಬೈಲ್ ಹಿಡಿದರೋ ಅವರದೇ ಸರಿ ಎನ್ನುತ್ತದೆ.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು: ಬ್ಯಾಂಕಿನದಾಗಲಿ, ಯಾವುದೇ ಕಂಪನಿಯದಾಗಲಿ ಗ್ರಾಹಕ ಸೇವೆಯ ಫೋನ್ ಸಂಖ್ಯೆಯನ್ನು ಚಾಟ್‌ಬಾಟ್‌ನಲ್ಲಿ ಕೇಳಬೇಡಿ. ವಂಚಕರು ತಮ್ಮ ಸಂಖ್ಯೆಗಳನ್ನು ಬ್ಯಾಂಕಿನ ಹೆಸರಿನಲ್ಲಿ ಅಂತರಜಾಲದ ತುಂಬ ಬಿತ್ತಿದ್ದಾರೆ, ಇದು ಅದನ್ನೇ ಹೆಕ್ಕಿ ಕೊಡಬಹುದು. ಸಂಖ್ಯೆ ಪಾಸ್‌ಬುಕ್ಕಿನಲ್ಲಿ, ಎಟಿಎಂ ಕಾರ್ಡಿನ ಹಿಂಬದಿಯಲ್ಲಿ ಇರುತ್ತದೆ. ಅಕಸ್ಮಾತ್ ಹಣ ಹೋದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಕೈಗೆ ಸಿಗುವುದು ಕಷ್ಟ.

ಏನನ್ನು ಬರೆಯಬಾರದು ಎಂಬುದಕ್ಕೆ ನನ್ನ ಅಳತೆ ಹೀಗಿದೆ: ಬಸ್ಸಿನಲ್ಲಿ ಪಕ್ಕದ ಸೀಟಿನ ಅಪರಿಚಿತರಿಗೆ ಹೇಳದ್ದನ್ನು ಇದಕ್ಕೂ ಹೇಳುವುದಿಲ್ಲ. ಆಧಾರ್, ಪ್ಯಾನ್, ಖಾತೆ ಸಂಖ್ಯೆ, ಒಟಿಪಿ ಬೇಡ. ಫೋಟೊ ಹಾಕುವ ಮುನ್ನ ಆ ಭಾಗದ ಮೇಲೆ ಒಂದು ಚೀಟಿ ಇಟ್ಟು ತೆಗೆಯಿರಿ. ನಿಮ್ಮ ಗುಟ್ಟಿಗಿಂತ ಹೆಚ್ಚು ಜೋಪಾನ ಮಾಡಬೇಕಾದದ್ದು ಬೇರೆಯವರ ಗುಟ್ಟು. ಸಂಘದಲ್ಲಿ ಯಾರ ಕಂತು ಬಾಕಿಯಿದೆ ಎಂಬ ಪಟ್ಟಿಯನ್ನು ಹೆಸರು ಸಮೇತ ಹಾಕಬೇಡಿ. ಸದಸ್ಯೆ ಒಂದು, ಸದಸ್ಯೆ ಎರಡು ಎಂದು ಬರೆದು ಕೆಲಸ ಮುಗಿಸಿ, ಹೆಸರನ್ನು ನೀವು ಕೈಯಿಂದ ತುಂಬಿ. ನಿಮ್ಮ ಸಂಭಾಷಣೆಯನ್ನು ಮುಂದಿನ ಮಾದರಿಗಳ ತರಬೇತಿಗೆ ಬಳಸಬೇಡಿ ಎನ್ನುವ ಆಯ್ಕೆ ಹಲವು ಚಾಟ್‌ಬಾಟ್‌ಗಳ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ. ಮೊಮ್ಮಗ ಮುಂದಿನ ಸಲ ಬಂದಾಗ ಅದನ್ನು ಮಾಡಿಸಿಕೊಳ್ಳಿ. ಅವನು ಹಾಕಿಕೊಟ್ಟಿರುವುದು ಅಸಲಿಯೇ ಎಂಬುದನ್ನೂ ನೋಡಿಸಿ. ಹೋಲುವ ಹೆಸರಿನ, ಹೋಲುವ ಚಿತ್ರದ ನಕಲಿ ಆ್ಯಪ್‌ಗಳು ಬಹಳ ಇವೆ. ಹೆಸರಿನ ಕೆಳಗೆ ತಯಾರಿಸಿದವರು ಯಾರೆಂದು ಬರೆದಿರುತ್ತದೆ: ಚಾಟ್‌ಜಿಪಿಟಿಗೆ ಓಪನ್‌ಎಐ, ಜೆಮಿನಿಗೆ ಗೂಗಲ್, ಕೋಪೈಲಟ್‌ಗೆ ಮೈಕ್ರೋಸಾಫ್ಟ್, ಕ್ಲಾಡ್‌ಗೆ ಆಂಥ್ರೋಪಿಕ್. ಹಣ ಕೊಡುವ ಅಗತ್ಯ ನಿಮಗಿಲ್ಲ. ಮೇಲೆ ಹೇಳಿದ ಕೆಲಸಗಳಿಗೆಲ್ಲ ಉಚಿತವಾಗಿ ಸಿಗುವುದೇ ಸಾಕು.

ಇನ್ನು ಏಕವಚನ, ಬಹುವಚನ. ನಗಲಿಲ್ಲ, ಬಹಳ ಒಳ್ಳೆಯ ಪ್ರಶ್ನೆ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ವೈಜನ್‌ಬಾಮ್ ಎಂಬ ಪ್ರಾಧ್ಯಾಪಕರು ಎಲೈಜಾ ಎಂಬ ಮೊದಲ ತಲೆಮಾರಿನ ಚಾಟ್‌ಬಾಟ್ ಪ್ರಕಟಿಸಿದರು. ಅದು ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡಿ ಕೇಳುತ್ತಿತ್ತು, ಅಷ್ಟೇ. ಅದನ್ನು ಅವರು ತಿಂಗಳುಗಟ್ಟಲೆ ಕಟ್ಟುತ್ತಿದ್ದುದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಡನೆ ಮಾತನಾಡಲು ಕುಳಿತು, ಸ್ವಲ್ಪ ಹೊತ್ತಿಗೆ "ನೀವು ಹೊರಗೆ ಹೋಗುತ್ತೀರಾ?" ಎಂದು ಪ್ರಾಧ್ಯಾಪಕರನ್ನು ಕೇಳಿದರಂತೆ. ಯಂತ್ರವೆಂದು ಗೊತ್ತಿದ್ದೂ ಮನುಷ್ಯರಂತೆ ಕಾಣುವುದು ನಮ್ಮ ಸ್ವಭಾವ, ಅದರಲ್ಲಿ ನಾಚಿಕೆಯಿಲ್ಲ. ಅದಕ್ಕೆ ನೀನು ಎಂದರೂ ನೀವು ಎಂದರೂ ಬೇಸರವಿಲ್ಲ. ನಾನು ನೀವು ಎನ್ನುತ್ತೇನೆ, ಗೌರವಕ್ಕಲ್ಲ, ನನ್ನ ಬಾಯಿ ಕೆಡಬಾರದೆಂದು.

ಆದರೆ ಅದು ಬರೆದುಕೊಟ್ಟ ಪತ್ರದಲ್ಲಿ ಇದನ್ನು ಗಮನಿಸಲೇಬೇಕು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಪದವಾದ್ದರಿಂದ, ಅಲ್ಲಿ ಬೆಳೆದ ಈ ಯಂತ್ರಕ್ಕೆ ನಮ್ಮ ನೀನು, ನೀವು, ತಾವುಗಳ ಮೆಟ್ಟಿಲು ಆಗಾಗ ತಪ್ಪುತ್ತದೆ. ನನ್ನ ತರಗತಿಯ ನಿವೃತ್ತ ಶಿಕ್ಷಕರೊಬ್ಬರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಬರೆಸಿದ ಪತ್ರ "ತಮ್ಮ ಅಮೂಲ್ಯ ಗಮನಕ್ಕೆ ತರಬಯಸುತ್ತೇನೆ" ಎಂದು ಆರಂಭವಾಗಿ, "ನೀನು ಕೂಡಲೇ ಬಂದು ಚರಂಡಿ ನೋಡು" ಎಂದು ಮುಗಿದಿತ್ತು. ಅವರು ಓದದೆಯೇ ರುಜು ಹಾಕಿ ಕೊಟ್ಟು ಬಂದಿದ್ದರು. ಚರಂಡಿ ದುರಸ್ತಿಯೇನೋ ಆ ವಾರವೇ ಆಯಿತಂತೆ. ಆದರೂ ನೀವು ಕೊನೆಯ ಪ್ಯಾರಾವನ್ನು ಒಮ್ಮೆ ಓದಿಯೇ ಕಳುಹಿಸಿ.